ಗೇಟಿಗೆ ಬಡಿದು ವಾಪಸು ಬಂದ ಚಕ್ರ

ಸೈಕಲ್ಲಿಗೆ ಟೈರು ಕೊಳ್ಳುವುದು ಇಷ್ಟು ತಲೆಬಿಸಿಯ ಕೆಲಸ ಅಂತ ನನಗೆ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಟೈರು ಸವೆದು ಒಳಗಿನ ನೂಲು ಕಾಣಿಸಿದರೆ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋಗಿ "ಹಿಂದಿನ ಚಕ್ರಕ್ಕೆ ಒಂದು ಟೈರು ಹಾಕಿ" ಅಂದರೆ ಮುಗಿಯಿತು. ಯಾವುದು ಅಂತ ಅವರೂ ಕೇಳುತ್ತಿರಲಿಲ್ಲ, ನಾವೂ ಹೇಳುತ್ತಿರಲಿಲ್ಲ. ರೋಡ್ ಬೈಕ್ ಇಟ್ಟುಕೊಂಡವರ ಕಥೆ ಹಾಗಲ್ಲ. ಒಂದೇ ಕಂಪನಿಯ ಟೈರಿನಲ್ಲಿ ಮೂರು ದರ್ಜೆ. ಒಂದು ಅಗ್ಗದ್ದು, ಒಂದು ಬೆಲೆ ನೋಡಿದರೆ ಎದೆ ಝಲ್ಲೆನ್ನುವಂಥದ್ದು, ಇನ್ನೊಂದು ನಮ್ಮಂಥವರ ಕಣ್ಣು ಹೋಗಿ ನಿಲ್ಲುವ ನಡುವಿನದು.

ಮೊನ್ನೆ ಗೆಳೆಯನೊಬ್ಬ ಫೋನು ಮಾಡಿ ಇದೇ ಕೇಳಿದ. "ಲೇ, ಈ ನಡುವಿನ ಟೈರು ಚೆನ್ನಾಗಿ ಓಡುತ್ತೋ ಇಲ್ಲವೋ? ಡಬ್ಬದ ಮೇಲೆ ಏನೇನೋ ನಂಬರ್ ಇದೆ, ಒಂದೂ ಅರ್ಥ ಆಗ್ತಾ ಇಲ್ಲ."

ಡಬ್ಬದ ಮೇಲಿನ ನಂಬರಿನ ವಿಷಯದಲ್ಲಿ ಅವನ ಅನುಮಾನ ಸರಿಯೇ. ಉದಾಹರಣೆಗೆ ಟಿ.ಪಿ.ಐ. ಅಂತ ಒಂದಿರುತ್ತೆ. ಟೈರಿನ ಒಳಮೈ ಬಟ್ಟೆಯಲ್ಲಿ ಒಂದಂಗುಲಕ್ಕೆ ಎಷ್ಟು ಎಳೆ ಅನ್ನೋ ಲೆಕ್ಕ. ಎಳೆ ಸಣ್ಣದಾದಷ್ಟೂ, ಒತ್ತಾದಷ್ಟೂ ಟೈರು ಮೆತ್ತಗೆ ಬಾಗುತ್ತೆ, ಒಳ್ಳೆಯದು. ಆದರೆ ಕಾಂಟಿನೆಂಟಲ್ ಕಂಪನಿಯ ಕೆಲವು ಟೈರುಗಳ ಮೇಲೆ 3/180 ಅಂತ ಬರೆದಿರುತ್ತಿತ್ತು. ಬಟ್ಟೆಯ ನಿಜವಾದ ಎಣಿಕೆ 60. ಅದು ಮೂರು ಪದರ ಇರುವುದರಿಂದ ಕೂಡಿಸಿ 180. ಮೋಸ ಅಂತ ಹೇಳೋ ಹಾಗಿಲ್ಲ, ಮೂರು ಅಂತ ಮುಂದೆ ಬರೆದೇ ಇದ್ದಾರಲ್ಲ :-) ಆದರೆ ಓದಿದವನಿಗೆ ಬೇರೇನೋ ಅನಿಸುತ್ತೆ.

ಹಾಗಾದರೆ ಒಂದು ಟೈರು ಒಳ್ಳೆಯದೋ ಅಲ್ಲವೋ ಅಂತ ಪರೀಕ್ಷೆ ಮಾಡೋದು ಹೇಗೆ? ಅವನಿಗೆ ಉತ್ತರ ಕೊಡೋಣ ಅಂತ ಓದಲು ಕೂತವನು ಎಲ್ಲಿಂದೆಲ್ಲಿಗೋ ಹೋಗಿಬಿಟ್ಟೆ. ಟೈರಿನ ಪರೀಕ್ಷೆಗೆ ಒಂದೂಮುಕ್ಕಾಲು ಶತಮಾನದ ಇತಿಹಾಸ ಇದೆ. ಅದರಲ್ಲಿ ಒಂದು ದೊಡ್ಡ ತಪ್ಪೂ ಇದೆ. ಆ ತಪ್ಪಿನ ಮೇಲೆ ನಾವೆಲ್ಲ ಬಹಳ ವರ್ಷ ಕೂತು ಸವಾರಿ ಮಾಡಿದ್ದೇವೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸೈಕಲ್ಲಿಗಿಂತ ಮುಂಚೆ ಬಂದ ಟೈರು

ಗಾಳಿ ತುಂಬಿದ ಟೈರು ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋ ಹೆಸರು ಡನ್‌ಲಪ್. ಆದರೆ ಅವನಿಗಿಂತ ನಲವತ್ತು ವರ್ಷ ಮುಂಚೆಯೇ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಅನ್ನುವವನು ಅದನ್ನು ಮಾಡಿ ಮುಗಿಸಿದ್ದ. 1845ರಲ್ಲಿ ಪೇಟೆಂಟು ತೆಗೆದುಕೊಂಡಾಗ ಅವನಿಗಿನ್ನೂ 23 ವರ್ಷ. ಅವನು ಇಟ್ಟ ಹೆಸರು 'ಗಾಳಿ ಚಕ್ರ'. ರಬ್ಬರು ಲೇಪಿಸಿದ ಬಟ್ಟೆಯ ಕೊಳವೆ, ಅದರ ಮೇಲೆ ಗಟ್ಟಿ ಚರ್ಮದ ಹೊದಿಕೆ, ಅದನ್ನು ಚಕ್ರಕ್ಕೆ ಬೋಲ್ಟು ಹಾಕಿ ಬಿಗಿಯುವುದು. ಆಗ ಪೆಡಲ್ ತುಳಿಯುವ ಸೈಕಲ್ಲು ಪೇಟೆಗೇ ಬಂದಿರಲಿಲ್ಲ. ಹಾಗಾಗಿ ಇದು ಕುದುರೆ ಗಾಡಿಯ ಟೈರು.

1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಈ ಚಕ್ರ ಹಾಕಿದ ಗಾಡಿ ಓಡಿಸಿ ಜನರಿಗೆ ತೋರಿಸಿದರು. ಸದ್ದೇ ಇಲ್ಲದೆ ಗಾಡಿ ಸಾಗಿದ್ದನ್ನು ನೋಡಿ ಜನ ಬೆರಗಾದರಂತೆ. ಆದರೆ ನನಗೆ ಮುಖ್ಯ ಅನಿಸಿದ್ದು ಆ ಪ್ರದರ್ಶನ ಅಲ್ಲ, ಅದರ ಜೊತೆಗೆ ಮಾಡಿದ ಅಳತೆ. ಅದೇ ಗಾಡಿಯನ್ನು ಸಾದಾ ಚಕ್ರ ಹಾಕಿ ಎಳೆದರೆ ಎಷ್ಟು ಬಲ ಬೇಕು, ಗಾಳಿ ಚಕ್ರ ಹಾಕಿದರೆ ಎಷ್ಟು ಅಂತ ಅಳೆದರು. ಅದೂ ಒಂದೇ ರಸ್ತೆಯಲ್ಲಿ ಅಲ್ಲ. ಒಮ್ಮೆ ಗಟ್ಟಿಯಾದ ನಯವಾದ ರಸ್ತೆಯಲ್ಲಿ, ಇನ್ನೊಮ್ಮೆ ಆಗಷ್ಟೇ ಜಲ್ಲಿ ಹರಡಿದ ರಸ್ತೆಯಲ್ಲಿ. ನಯವಾದ ರಸ್ತೆಯಲ್ಲೂ ಗಾಳಿ ಚಕ್ರವೇ ಹಗುರ. ಆದರೆ ಜಲ್ಲಿ ಮೇಲೆ ಬಂದಾಗ ಎರಡರ ನಡುವಿನ ಅಂತರ ಎಷ್ಟೋ ಪಟ್ಟು ದೊಡ್ಡದಾಯಿತು.

ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಟೈರಿನ ಗುಣ ಟೈರಿನಲ್ಲಿ ಮಾತ್ರ ಇಲ್ಲ, ರಸ್ತೆಯಲ್ಲೂ ಇದೆ. ಇದನ್ನು ಮೊಟ್ಟಮೊದಲ ಪರೀಕ್ಷೆಯೇ ಹೇಳಿತ್ತು. ನಾವು ಮಾತ್ರ ಮರೆತೆವು.

ಥಾಮ್ಸನ್ನನ ಚಕ್ರ ಮಾರಾಟ ಆಗಲಿಲ್ಲ. ತೆಳು ರಬ್ಬರು ತುಂಬಾ ದುಬಾರಿ. ಆಮೇಲೆ ಅವನು ಗಟ್ಟಿ ರಬ್ಬರಿನ ಗಾಲಿ ಹಾಕಿದ ಉಗಿ ಬಂಡಿಗಳನ್ನು ಮಾಡಿದ. ಅವುಗಳಲ್ಲಿ ಕೆಲವು ನಮ್ಮ ದೇಶಕ್ಕೂ ಬಂದವು. 1873ರಲ್ಲಿ ಅವನು ತೀರಿಕೊಂಡ. ಗಾಳಿ ಚಕ್ರವನ್ನು ಲೋಕ ಪೂರ್ತಿ ಮರೆತುಬಿಟ್ಟಿತು.

ಬೆಲ್‌ಫಾಸ್ಟಿನ ದನದ ಡಾಕ್ಟರು

ಜಾನ್ ಬಾಯ್ಡ್ ಡನ್‌ಲಪ್ ಕೂಡ ಸ್ಕಾಟ್ಲೆಂಡಿನವನೇ. ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಪಶುವೈದ್ಯ. ಅವನ ಮಗನಿಗೆ ಒಂದು ಮೂರು ಚಕ್ರದ ಸೈಕಲ್ಲಿತ್ತು, ಗಟ್ಟಿ ರಬ್ಬರಿನ ಟೈರು. ಊರಿನ ಕಲ್ಲು ಹಾಸಿದ ಬೀದಿಯಲ್ಲಿ ಅದನ್ನು ತುಳಿಯೋದು ಅಂದರೆ ಹುಡುಗನಿಗೆ ಮೈಯೆಲ್ಲ ಕುಲುಕಾಟ. ಅಪ್ಪನಿಗೆ ಥಾಮ್ಸನ್ನನ ಪೇಟೆಂಟಿನ ವಿಷಯ ಗೊತ್ತಿರಲಿಲ್ಲ.

1887ರಲ್ಲಿ ಅವನು ಸುಮಾರು ನಲವತ್ತು ಸೆಂಟಿಮೀಟರ್ ಅಗಲದ ಒಂದು ಮರದ ಬಿಲ್ಲೆ ತೆಗೆದುಕೊಂಡ. ತೆಳು ರಬ್ಬರ್ ಹಾಳೆ ಅಂಟಿಸಿ ಕೊಳವೆ ಮಾಡಿದ. ಅದನ್ನು ಬಿಲ್ಲೆಯ ಸುತ್ತ ಕೂರಿಸಿ, ಮೇಲೆ ನಾರಿನ ಬಟ್ಟೆ ಸುತ್ತಿ, ಬಟ್ಟೆಯ ಅಂಚಿಗೆ ಮೊಳೆ ಹೊಡೆದ. ಫುಟ್ಬಾಲಿಗೆ ಗಾಳಿ ಹೊಡೆಯೋ ಪಂಪಿನಿಂದ ಗಾಳಿ ತುಂಬಿದ. ಆಮೇಲೆ ಪರೀಕ್ಷೆ. ಮಗನ ಸೈಕಲ್ಲಿನಿಂದ ಗಟ್ಟಿ ಟೈರಿನ ಚಕ್ರವೊಂದನ್ನು ಬಿಚ್ಚಿ ಹಿತ್ತಲಿನ ಅಂಗಳದಲ್ಲಿ ಉರುಳಿಸಿದ. ಅದು ಅಂಗಳದ ಆ ತುದಿ ಮುಟ್ಟುವ ಮುಂಚೆಯೇ ಮಲಗಿತು. ಗಾಳಿ ತುಂಬಿದ ಬಿಲ್ಲೆಯನ್ನು ಉರುಳಿಸಿದ. ಅದು ಅಂಗಳ ಪೂರ್ತಿ ದಾಟಿ, ಗೇಟಿಗೆ ಬಡಿದು, ವಾಪಸು ಪುಟಿಯಿತು.

ಅಷ್ಟೇ ಪರೀಕ್ಷೆ. ಗಡಿಯಾರ ಇಲ್ಲ, ತಕ್ಕಡಿ ಇಲ್ಲ. ಎರಡು ಸಲವೂ ಕೈ ಒಂದೇ ಥರ ತಳ್ಳಿತೋ ಇಲ್ಲವೋ, ಕೇಳುವವರಿಲ್ಲ. ಆದರೆ ವ್ಯತ್ಯಾಸ ಅಷ್ಟು ದೊಡ್ಡದಿದ್ದಾಗ ಅದೆಲ್ಲ ಬೇಕಾಗೋದಿಲ್ಲ. 1888ರ ಫೆಬ್ರವರಿ 28ರ ರಾತ್ರಿ ಮಗ ಹೊಸ ಟೈರು ಹಾಕಿದ ಸೈಕಲ್ಲನ್ನು ಮೊದಲ ಸಲ ತುಳಿದ. ಅದೇ ವರ್ಷ ಡಿಸೆಂಬರಿನಲ್ಲಿ ಪೇಟೆಂಟು ಬಂತು.

ಡನ್‌ಲಪ್ ಹುಡುಕಿದ್ದು ಮಗನ ಮೈ ಕುಲುಕದಿರುವ ಉಪಾಯವನ್ನು. ಅದರ ಜೊತೆಗೇ ವೇಗವೂ ಬಂತು. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಮೈದಾನದಲ್ಲಿ ನಡೆದ ಪಂದ್ಯಗಳಿಗೆ ವಿಲಿಯಂ ಹ್ಯೂಮ್ ಅನ್ನೋ ಸವಾರ ಈ ಟೈರು ಹಾಕಿಕೊಂಡು ಬಂದಾಗ, ಆ ದಪ್ಪ ಟೈರು ನೋಡಿ ಜನ ನಕ್ಕರಂತೆ. ಅವನು ತಾನು ಇಳಿದ ನಾಲ್ಕೂ ಪಂದ್ಯ ಗೆದ್ದ. ನಗು ನಿಂತಿತು. ಕೆಲವೇ ವರ್ಷಗಳಲ್ಲಿ ಗಟ್ಟಿ ಟೈರಿನಲ್ಲಿ ಪಂದ್ಯಕ್ಕೆ ಬರುವವರೇ ಇಲ್ಲವಾದರು.

ಮೆತ್ತಗಿರೋದು ವೇಗವಾಗಿ ಹೋಗುತ್ತೆ ಅನ್ನೋದನ್ನು ಜನ ಅಷ್ಟು ಸುಲಭವಾಗಿ ನಂಬಲಿಲ್ಲ. ಮೈ ನಡುಗಿದರೆ ಜೋರಾಗಿ ಹೋಗುತ್ತಿದ್ದೇವೆ ಅಂತ ನಮಗೆ ಅನಿಸುತ್ತೆ. ಈ ಅನಿಸಿಕೆ ಮುಂದೆ ನೂರು ವರ್ಷ ಸೈಕಲ್ ಸವಾರರ ಬೆನ್ನು ಬಿಡಲಿಲ್ಲ.

ಪೇಟೆಂಟಿನ ಕಥೆ ಬೇಸರದ್ದು. 1890ರಲ್ಲಿ ಥಾಮ್ಸನ್ನನ ಹಳೆಯ ಪೇಟೆಂಟು ಬೆಳಕಿಗೆ ಬಂದು ಡನ್‌ಲಪ್ಪನದು ಬಿದ್ದುಹೋಯಿತು. ಅವನ ಹೆಸರು ಲೋಕಕ್ಕೆಲ್ಲ ಹರಡಿತು, ಆದರೆ ದೊಡ್ಡ ಸಂಪತ್ತು ಅವನ ಕೈಗೆ ಬರಲಿಲ್ಲ.

ರಸ್ತೆ ತುಂಬಾ ಮೊಳೆ

ಡನ್‌ಲಪ್ಪನ ಟೈರಿಗೆ ಒಂದು ದೊಡ್ಡ ತೊಂದರೆ ಇತ್ತು. ಅದನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಪಂಕ್ಚರ್ ಆದರೆ ದೇವರೇ ಗತಿ. ಮಿಶ್ಲೆನ್ ಕಂಪನಿ ತಾನೇ ಹೇಳಿಕೊಂಡು ಬಂದಿರುವ ಕಥೆ ಹೀಗಿದೆ. 1889ರಲ್ಲಿ ಫ್ರಾನ್ಸಿನ ಕ್ಲೆರ್ಮೋ-ಫೆರಾನಿನಲ್ಲಿದ್ದ ಅವರ ರಬ್ಬರ್ ಕಾರ್ಖಾನೆಗೆ ಇಂಗ್ಲಿಷ್ ಸವಾರನೊಬ್ಬ ಪಂಕ್ಚರ್ ಆದ ಡನ್‌ಲಪ್ ಟೈರು ತಂದ. ಬಿಚ್ಚಿ ತೇಪೆ ಹಾಕೋಕೆ ಮೂರು ಗಂಟೆ, ಅಂಟು ಒಣಗೋಕೆ ಒಂದು ರಾತ್ರಿ. ಬೆಳಿಗ್ಗೆ ಎಡ್ವಾರ್ ಮಿಶ್ಲೆನ್ ಅದನ್ನು ತಾನೇ ತುಳಿದು ನೋಡಿದ. ಕೆಲವು ನೂರು ಮೀಟರ್ ಹೋಗುವಷ್ಟರಲ್ಲಿ ಮತ್ತೆ ಗಾಳಿ ಹೋಯಿತು. ಆದರೆ ಆ ಕೆಲವು ನೂರು ಮೀಟರಿನ ಸುಖವನ್ನು ಅವನು ಮರೆಯಲಿಲ್ಲ.

1891ರಲ್ಲಿ ಮಿಶ್ಲೆನ್ ಸೋದರರು ಬಿಚ್ಚಿ ಹಾಕಬಹುದಾದ ಟೈರು ಮಾಡಿದರು. ಅದೇ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಿಂದ ಬ್ರೆಸ್ಟಿಗೆ ಹೋಗಿ ವಾಪಸು ಬರುವ, ಸುಮಾರು 1200 ಕಿ.ಮೀ.ಗಳ ಪಂದ್ಯ ನಡೆಯಿತು. ಆ ಹೊಸ ಟೈರು ಹಾಕಿಕೊಂಡ ಶಾರ್ಲ್ ತೆರೋ ನಿದ್ದೆಗೆಟ್ಟು ತುಳಿದು ಸುಮಾರು 71 ಗಂಟೆಯಲ್ಲಿ ಗೆದ್ದ. ಎರಡನೆಯವನು ಡನ್‌ಲಪ್ ಟೈರಿನ ಮೇಲೆ ಗಂಟೆಗಟ್ಟಲೆ ಹಿಂದೆ ಬಂದ.

ಮರುವರ್ಷ ಮಿಶ್ಲೆನ್‌ನವರು ಮಾಡಿದ್ದು ನೋಡಿ. 1892ರಲ್ಲಿ ಪ್ಯಾರಿಸಿನಿಂದ ತಮ್ಮೂರಿಗೆ ತಾವೇ ಒಂದು ಪಂದ್ಯ ಇಟ್ಟು, ದಾರಿಯಲ್ಲಿ ಒಂದು ಕಡೆ ಬೇಕೆಂದೇ ಮೊಳೆ ಚೆಲ್ಲಿಸಿದರು! ಪಂಕ್ಚರ್ ಆದರೂ ನಮ್ಮ ಟೈರನ್ನು ನಿಮಿಷಗಳಲ್ಲಿ ಸರಿ ಮಾಡಬಹುದು ಅಂತ ತೋರಿಸೋದಕ್ಕೆ. ಆ ಪಂದ್ಯ ಗೆದ್ದವನು ಆಂರಿ ಫಾರ್ಮನ್, ಮುಂದೆ ವಿಮಾನ ಹಾರಿಸಿ ಹೆಸರು ಮಾಡಿದವನು.

ನಮ್ಮಲ್ಲಿ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯ ಹತ್ತಿರ ಮೊಳೆ ಜಾಸ್ತಿ ಸಿಗುತ್ತೆ ಅಂತ ತಮಾಷೆ ಮಾಡುತ್ತೇವಲ್ಲ, ಅದರ ಮೂಲಪುರುಷರು ಇವರೇ ಇರಬೇಕು :-) ತಮಾಷೆ ಬಿಡಿ. ಈ ಪರೀಕ್ಷೆಯಲ್ಲಿ ಒಂದು ಬುದ್ಧಿವಂತಿಕೆ ಇದೆ. ಟೈರು ಎಷ್ಟು ಸಲೀಸಾಗಿ ಉರುಳುತ್ತೆ ಅನ್ನೋದು ಒಂದು ಪ್ರಶ್ನೆ ಮಾತ್ರ. ಸಂಜೆಯೊಳಗೆ ಮನೆ ಸೇರಿಸುತ್ತೋ ಇಲ್ಲವೋ ಅನ್ನೋದು ಇನ್ನೊಂದು. ಇನ್ನೊಂದು ಮಾತು. ಇದು ತಮ್ಮ ಟೈರನ್ನು ಗೆಲ್ಲಿಸುವುದಕ್ಕೆಂದೇ ಕಟ್ಟಿದ ಪರೀಕ್ಷೆ. ಮಾರುವವನೇ ಪರೀಕ್ಷೆ ಮಾಡಿದಾಗ ಯಾವ ಪ್ರಶ್ನೆ ಕೇಳಿದ್ದಾನೆ ಅಂತ ಮೊದಲು ನೋಡಬೇಕು.

ಡ್ರಮ್ಮು ಹೇಳಿದ ಅರ್ಧ ಸತ್ಯ

ಇಪ್ಪತ್ತನೆಯ ಶತಮಾನದಲ್ಲಿ ಟೈರಿನ ಪರೀಕ್ಷೆ ಅಂಗಳದಿಂದ ಪ್ರಯೋಗಾಲಯಕ್ಕೆ ಹೋಯಿತು. ಒಂದು ದೊಡ್ಡ ಉಕ್ಕಿನ ಡ್ರಮ್ಮು, ಅದನ್ನು ತಿರುಗಿಸೋ ಮೋಟಾರು. ಟೈರು ಹಾಕಿದ ಚಕ್ರವನ್ನು ತೂಕ ಹೇರಿ ಅದರ ಮೇಲೆ ಒತ್ತಿ ಹಿಡಿಯುತ್ತಾರೆ. ಡ್ರಮ್ಮು ಒಂದೇ ವೇಗದಲ್ಲಿ ತಿರುಗಲು ಮೋಟಾರಿಗೆ ಎಷ್ಟು ಶಕ್ತಿ ಹೆಚ್ಚು ಬೇಕಾಯಿತೋ, ಅಷ್ಟನ್ನು ಟೈರು ತಿಂದಿದೆ ಅಂತ ಲೆಕ್ಕ.

ತಿನ್ನೋದು ಯಾಕೆ? ಟೈರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಅಪ್ಪಚ್ಚಿಯಾಗುತ್ತೆ, ಮುಂದೆ ಹೋದ ಮೇಲೆ ಮತ್ತೆ ಉಬ್ಬುತ್ತೆ. ಅಪ್ಪಚ್ಚಿ ಮಾಡೋಕೆ ನಾವು ಕೊಟ್ಟ ಶಕ್ತಿಯನ್ನು ರಬ್ಬರು ಉಬ್ಬುವಾಗ ವಾಪಸು ಕೊಡುತ್ತೆ, ಆದರೆ ಪೂರ್ತಿ ಕೊಡೋದಿಲ್ಲ. ದಲ್ಲಾಳಿಯ ಹಾಗೆ ಒಂದಿಷ್ಟು ಕಮಿಷನ್ ಮುರಿದುಕೊಳ್ಳುತ್ತೆ. ಆ ಕಮಿಷನ್ ಬಿಸಿಯಾಗಿ ಹೋಗುತ್ತೆ. ಓಡಿಸಿ ಬಂದ ಮೇಲೆ ಟೈರು ಮುಟ್ಟಿ ನೋಡಿದರೆ ಬೆಚ್ಚಗಿರೋದಕ್ಕೆ ಇದೂ ಒಂದು ಕಾರಣ. ಒಳ್ಳೆಯ ರಬ್ಬರು, ತೆಳುವಾದ ಬಟ್ಟೆ ಅಂದರೆ ಕಡಿಮೆ ಕಮಿಷನ್. ದುಬಾರಿ ಟೈರಿಗೆ ಕೊಡುವ ದುಡ್ಡು ಹೆಚ್ಚಾಗಿ ಇದಕ್ಕೇ.

ಈಗ ನಯವಾದ ಡ್ರಮ್ಮಿನ ಮೇಲೆ ಗಾಳಿ ಹೆಚ್ಚು ಮಾಡುತ್ತಾ ಹೋಗಿ. ಟೈರು ಕಡಿಮೆ ಅಪ್ಪಚ್ಚಿಯಾಗುತ್ತೆ, ಕಮಿಷನ್ ಇಳಿಯುತ್ತೆ. ಇನ್ನೂ ಗಾಳಿ ಹೊಡೆಯಿರಿ, ಇನ್ನೂ ಇಳಿಯುತ್ತೆ. ನೂರು ಪಿ.ಎಸ್.ಐ. ಒಳ್ಳೆಯದು, ನೂರಿಪ್ಪತ್ತು ಇನ್ನೂ ಒಳ್ಳೆಯದು. ಅಷ್ಟು ಗಾಳಿ ತಡೆಯೋಕೆ ಸಣ್ಣ ಟೈರು ಬೇಕು. ಸಣ್ಣ ಟೈರು ಹಗುರ, ಗಾಳಿಯನ್ನೂ ಚೆನ್ನಾಗಿ ಸೀಳುತ್ತೆ. ಎಲ್ಲ ಲೆಕ್ಕ ಒಂದೇ ದಿಕ್ಕಿಗೆ ಬೆರಳು ತೋರಿಸಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ 20 ಮಿ.ಮೀ. ಆಸುಪಾಸಿನ ಟೈರುಗಳು ರೇಸಿನವರ ಹೆಮ್ಮೆ. ಆಮೇಲೆ ಬಹಳ ಕಾಲ 23 ಮಿ.ಮೀ. ಅನ್ನೋದು ವೇದವಾಕ್ಯ. ಕಲ್ಲಿನ ಹಾಗೆ ಗಾಳಿ ತುಂಬಿಸಿ, ಹಲ್ಲು ಕಚ್ಚಿಕೊಂಡು ತುಳಿಯೋದು. ಮೈ ನಡುಗಿದಷ್ಟೂ ವೇಗ ಅಂತ ಖುಷಿ.

ಡ್ರಮ್ಮು ಸುಳ್ಳು ಹೇಳಲಿಲ್ಲ, ಅರ್ಧ ಸತ್ಯ ಹೇಳಿತು. ಅಲ್ಲಿ ರಸ್ತೆ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಸವಾರ ಇರಲಿಲ್ಲ. ಚಕ್ರದ ಮೇಲೆ ಇದ್ದದ್ದು ಕಬ್ಬಿಣದ ತೂಕ. ಕಬ್ಬಿಣಕ್ಕೆ ಮಾಂಸ ಇಲ್ಲ, ಹೊಟ್ಟೆ ಇಲ್ಲ, ಅದು ಕುಲುಕುವುದಿಲ್ಲ.

ಮೈಯೊಳಗೆ ಸೋರಿಹೋಗುವ ಶಕ್ತಿ

1960ರ ದಶಕದಲ್ಲಿ ಅಮೆರಿಕದ ಸೈನ್ಯಕ್ಕೆ ಒಂದು ಪ್ರಶ್ನೆ ಇತ್ತು. ಒರಟು ನೆಲದ ಮೇಲೆ ಟ್ಯಾಂಕಿನಂಥ ವಾಹನ ಎಷ್ಟು ಜೋರಾಗಿ ಹೋದರೆ ಒಳಗಿರುವ ಮನುಷ್ಯ ತಡೆದುಕೊಳ್ಳಬಲ್ಲ? ಅದಕ್ಕಾಗಿ ಮನುಷ್ಯರನ್ನು ನಡುಗುವ ಆಸನದ ಮೇಲೆ ಕೂರಿಸಿ ಅಳೆದರು. ನಡುಗುವ ದೇಹ ಶಕ್ತಿಯನ್ನು ಹೀರಿಕೊಳ್ಳುತ್ತೆ, ಅದನ್ನು ವಾಟಿನಲ್ಲಿ ಅಳೆಯಬಹುದು, ಹೀರಿದಷ್ಟೂ ಮನುಷ್ಯನಿಗೆ ಹಿಂಸೆ ಅಂತ ಕಂಡುಕೊಂಡರು. ಟ್ಯಾಂಕಿನಲ್ಲಿ ಆ ಶಕ್ತಿ ಇಂಜಿನ್ನಿನದು. ಸೈಕಲ್ಲಿನಲ್ಲಿ? ನಮ್ಮ ಕಾಲಿನದು! ಕಾಲು ಕಷ್ಟಪಟ್ಟು ಕೊಟ್ಟಿದ್ದನ್ನು ಹೊಟ್ಟೆ, ತೋಳು, ಭುಜ ನಡುಗಿ ಖರ್ಚು ಮಾಡುತ್ತವೆ.

ಇದನ್ನು ಸೈಕಲ್ ಟೈರಿನ ಪರೀಕ್ಷೆಗೆ ಜೋಡಿಸಿದವರು ಅಮೆರಿಕದ 'ಬೈಸಿಕಲ್ ಕ್ವಾರ್ಟರ್ಲಿ' ಪತ್ರಿಕೆಯವರು, ಅದರ ಸಂಪಾದಕ ಯಾನ್ ಹೈನೆ ಮತ್ತು ಗೆಳೆಯರು. 2006ರಲ್ಲಿ ಅವರು ಮಾಡಿದ ಪರೀಕ್ಷೆ ಹೆಚ್ಚುಕಡಿಮೆ ಡನ್‌ಲಪ್ಪನ ಅಂಗಳದ್ದೇ. ನಿಜವಾದ ರಸ್ತೆಯ ಒಂದು ಇಳಿಜಾರು, ಸೈಕಲ್ಲಿನ ಮೇಲೆ ನಿಜವಾದ ಸವಾರ. ಗಾಳಿ ಬೀಸದಿದ್ದಾಗ ಒಂದೇ ಭಂಗಿಯಲ್ಲಿ, ತುಳಿಯದೆ ಉರುಳಿ ಬರೋದು. ಎಷ್ಟು ಸೆಕೆಂಡು ಅಂತ ನೋಡೋದು. ಟೈರು ಬದಲಿಸಿ, ಗಾಳಿಯ ಒತ್ತಡ ಬದಲಿಸಿ ಮತ್ತೆ ಮತ್ತೆ.

ಡ್ರಮ್ಮಿನ ಪಾಠ ಅಲ್ಲಿ ನಡೆಯಲಿಲ್ಲ. ಒಂದು ಮಟ್ಟ ದಾಟಿದ ಮೇಲೆ ಗಾಳಿ ಎಷ್ಟು ಹೊಡೆದರೂ ಸೈಕಲ್ಲು ವೇಗವಾಗಲಿಲ್ಲ. ಮೆತ್ತನೆಯ ಬಟ್ಟೆಯ ಟೈರು ಅಗಲ ಇದ್ದರೂ ಹಿಂದೆ ಬೀಳಲಿಲ್ಲ. ಮುಂದೆ ಅವರು ಹೆದ್ದಾರಿಯ ಅಂಚಿನಲ್ಲಿ, ಚಾಲಕರು ತೂಕಡಿಸಿದರೆ ಎಬ್ಬಿಸಲಿ ಅಂತ ಕೊರೆದಿರುವ ಗಡಗಡ ಪಟ್ಟಿಯ ಮೇಲೂ ಪವರ್ ಮೀಟರ್ ಹಾಕಿಕೊಂಡು ಓಡಿಸಿದರು. ಅಲ್ಲಿ ನಡುಗಾಟಕ್ಕೇ ಹೋದ ಶಕ್ತಿ 290 ವಾಟ್‌ವರೆಗೆ ಮುಟ್ಟಿತು. ನನ್ನಂಥವನು ಉಸಿರು ಬಿಗಿಹಿಡಿದು ತುಳಿದರೂ ಅಷ್ಟು ಶಕ್ತಿ ಕೆಲವು ನಿಮಿಷವೂ ಬರೋದಿಲ್ಲ!

ಆಗ ಇದನ್ನು ಓದಿ ನಕ್ಕವರೇ ಹೆಚ್ಚು, ಹ್ಯೂಮನ ಟೈರು ನೋಡಿ ನಕ್ಕ ಹಾಗೆ. ಆದರೆ ಆಮೇಲಿನ ಹದಿನೈದು ವರ್ಷದಲ್ಲಿ ಏನಾಯಿತು ಅಂತ ನಿಮಗೇ ಗೊತ್ತು. ರೇಸಿನವರು 23ರಿಂದ 25ಕ್ಕೆ, 25ರಿಂದ 28ಕ್ಕೆ ಬಂದರು, ಗಾಳಿ ಇಳಿಸಿದರು. ಒರಟು ರಸ್ತೆಯ ಪಂದ್ಯಗಳಿಗೆ ಇನ್ನೂ ಅಗಲ. 1847ರಲ್ಲಿ ಜಲ್ಲಿ ರಸ್ತೆ ಹೇಳಿದ್ದನ್ನು ಕೇಳಿಸಿಕೊಳ್ಳೋಕೆ ನಾವು ಇಷ್ಟು ವರ್ಷ ತೆಗೆದುಕೊಂಡೆವು.

ನಡುವಿನ ಟೈರಿನ ಮಾತು

ಈಗ ಗೆಳೆಯನ ಪ್ರಶ್ನೆಗೆ ಬರೋಣ. ಡ್ರಮ್ಮನ್ನು ಪೂರ್ತಿ ಬಿಸಾಡಬೇಕಾಗಿಲ್ಲ. ಬೇರೆಲ್ಲ ಒಂದೇ ಇಟ್ಟು ಎರಡು ಟೈರುಗಳ ರಬ್ಬರು, ಬಟ್ಟೆ ಹೋಲಿಸೋದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ನೆದರ್ಲೆಂಡ್ಸಿನ 'ಬೈಸಿಕಲ್ ರೋಲಿಂಗ್ ರೆಸಿಸ್ಟೆನ್ಸ್' ಅನ್ನೋ ತಾಣದವರು 2014ರಿಂದ ಇದೇ ಕೆಲಸ ಮಾಡುತ್ತಿದ್ದಾರೆ. ಅವರ ಡ್ರಮ್ಮು ನಯವಾಗಿಲ್ಲ, ಬಸ್ಸಿನ ಮೆಟ್ಟಿಲಿನ ತಗಡಿನ ಹಾಗೆ ಉಬ್ಬು ಗೆರೆ ಇರುವ ತಗಡು ಹೊದಿಸಿದ್ದಾರೆ. 42.5 ಕೆ.ಜಿ. ತೂಕ, ಗಂಟೆಗೆ 28.8 ಕಿ.ಮೀ. ವೇಗ. ಒಳ್ಳೆಯ ರೇಸ್ ಟೈರು ಅಲ್ಲಿ ಸುಮಾರು 10 ವಾಟ್ ತಿನ್ನುತ್ತೆ. ತೀರಾ ಸಾದಾ ಟೈರುಗಳು 20ರ ಹತ್ತಿರ ಹೋಗುತ್ತವೆ. ನಡುವಿನ ಬೆಲೆಯವು ಇವೆರಡರ ಮಧ್ಯೆ.

ಒಂದು ಟೈರಿಗೆ 5 ವಾಟ್ ವ್ಯತ್ಯಾಸ ಅಂದರೆ ಎರಡಕ್ಕೆ 10. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವಾಗ ಎದುರುಗಾಳಿ ಸೀಳೋಕೇ ಸುಮಾರು 70 ವಾಟ್ ಬೇಕು. ನಾನು ಹಾಕಿದ ಲೆಕ್ಕದ ಪ್ರಕಾರ ಆ 10 ವಾಟ್ ಉಳಿಸಿದರೆ ವೇಗ ಗಂಟೆಗೆ ಒಂದು ಕಿ.ಮೀ. ಹೆಚ್ಚಬಹುದು. ರೇಸಿನಲ್ಲಿ ಅದು ದೊಡ್ಡದು. ಭಾನುವಾರ ಬೆಳಿಗ್ಗೆ ಇಡ್ಲಿ ತಿನ್ನೋಕೆ ನಲವತ್ತು ಕಿ.ಮೀ. ಹೋಗುವವನಿಗೆ ಮೂರ್ನಾಲ್ಕು ನಿಮಿಷ ಅಷ್ಟೇ! ಇಡ್ಲಿ ಅಷ್ಟರಲ್ಲಿ ಆರೋದಿಲ್ಲ :-) ನಡುವಿನ ಟೈರುಗಳಲ್ಲಿ ಬಹಳಷ್ಟರ ರಬ್ಬರು ಸ್ವಲ್ಪ ದಪ್ಪ, ಹಾಗಾಗಿ ಬೇಗ ಸವೆಯೋದಿಲ್ಲ, ಸಣ್ಣಪುಟ್ಟ ಗಾಜಿಗೆ ಜಗ್ಗೋದಿಲ್ಲ. ಡ್ರಮ್ಮು ಇದನ್ನು ತಿಳಿಸೋದಿಲ್ಲ. ಮಿಶ್ಲೆನ್ನಿನ ಮೊಳೆ ತಿಳಿಸುತ್ತೆ.

ನಾವೇ ಮಾಡಬಹುದಾದ ಪರೀಕ್ಷೆ

ನನಗೆ ಖುಷಿ ಕೊಟ್ಟ ವಿಷಯ ಇದು. ಇಳಿಜಾರಿನ ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ಬೇಕಾದ್ದು ಒಂದು ಸ್ಟಾಪ್ ವಾಚು, ಒಂದು ಸೀಮೆಸುಣ್ಣ, ಬೆಳಿಗ್ಗೆ ಬೇಗ ಏಳೋ ಒಬ್ಬ ಗೆಳೆಯ.

ವಾಹನ ಇಲ್ಲದ, 150-200 ಮೀಟರ್ ಉದ್ದದ ಸಣ್ಣ ಇಳಿಜಾರು ಹುಡುಕಿ. ನೂರು ಮೀಟರಿಗೆ ಎರಡು ಮೀಟರ್ ಇಳಿದರೆ ಸಾಕು. ಕಡಿದಾದ ಇಳಿಜಾರು ಬೇಡ, ಅಲ್ಲಿ ಗಾಳಿಯ ತಡೆಯೇ ಎಲ್ಲವನ್ನೂ ನುಂಗಿಬಿಡುತ್ತೆ, ಅಪಾಯವೂ ಹೆಚ್ಚು. ಹೆಲ್ಮೆಟ್ ಹಾಕಿಕೊಳ್ಳಿ. ಎರಡು ತುದಿಗೂ ಸೀಮೆಸುಣ್ಣದ ಗೆರೆ ಎಳೆಯಿರಿ. ಮೇಲಿನ ಗೆರೆಯಲ್ಲಿ ನಿಂತು, ತಳ್ಳದೆ, ತುಳಿಯದೆ ಉರುಳಿ ಬನ್ನಿ. ಪ್ರತಿ ಸಲವೂ ಅದೇ ಬಟ್ಟೆ, ಅದೇ ಭಂಗಿ, ಅದೇ ನೀರಿನ ಬಾಟಲಿ.

ಇಂಥ ಇಳಿಜಾರಿನಲ್ಲಿ ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ಸಲೀಸಾದ ಟೈರಿಗೆ 200 ಮೀಟರಿಗೆ ಸುಮಾರು 52 ಸೆಕೆಂಡು, ತೀರಾ ಸಾದಾ ಟೈರಿಗೆ 58. ಗಾಳಿಯ ತಡೆ ಸೇರಿದರೆ ಎರಡಕ್ಕೂ ಇನ್ನಷ್ಟು ಸಮಯ ಹಿಡಿಯುತ್ತೆ, ಆದರೂ ಅಂತರ ವಾಚಿಗೆ ಸಿಗುವಷ್ಟು ಉಳಿಯುತ್ತೆ.

ಎಡವೋ ಜಾಗಗಳು ಎರಡು. ಮೊದಲನೆಯದು ಬಿಸಿಲು. ರಬ್ಬರು ಬೆಚ್ಚಗಾದಷ್ಟೂ ಸಲೀಸಾಗಿ ಉರುಳುತ್ತೆ. ಆರು ಗಂಟೆಗೆ ಒಂದು ಟೈರು, ಎಂಟಕ್ಕೆ ಇನ್ನೊಂದು ಹಾಕಿ ನೋಡಿದರೆ ಎರಡನೆಯದು ಬಿಸಿಲಿನ ದಯೆಯಿಂದಲೇ ಗೆಲ್ಲಬಹುದು. ಹಾಗಾಗಿ ಹಳೆಯದು, ಹೊಸದು, ಮತ್ತೆ ಹಳೆಯದು ಅಂತ ಮಾಡಬೇಕು. ಕೊನೆಯ ಸಲ ಹಳೆಯ ಟೈರೂ ವೇಗವಾಗಿದ್ದರೆ ಅದು ಬಿಸಿಲಿನ ಕೆಲಸ. ಎರಡನೆಯದು ನಮ್ಮ ಆಸೆ. ಒಂದೊಂದಕ್ಕೂ ಕನಿಷ್ಠ ಐದು ಸಲ ಉರುಳಿ ಬನ್ನಿ. ಒಂದೇ ಟೈರಿನ ಐದು ಅಳತೆಗಳ ನಡುವೆ ಎಷ್ಟು ಏರುಪೇರು ಇದೆಯೋ ನೋಡಿ. ಎರಡು ಟೈರುಗಳ ಅಂತರ ಅದಕ್ಕಿಂತ ಸಣ್ಣದಾದರೆ ಯಾವುದೂ ಗೆದ್ದಿಲ್ಲ ಅಂತ ಒಪ್ಪಿಕೊಳ್ಳಬೇಕು. ದುಡ್ಡು ಕೊಟ್ಟು ತಂದ ಟೈರಿನ ಬಗ್ಗೆ ಹಾಗೆ ಒಪ್ಪಿಕೊಳ್ಳೋದು ಎಷ್ಟು ಕಷ್ಟ ಅಂತ ಮಾಡಿದಾಗಲೇ ಗೊತ್ತಾಗೋದು.

ಟೈರು ಬದಲಿಸದೆ ಗಾಳಿ ಮಾತ್ರ ಬದಲಿಸಿಯೂ ನೋಡಬಹುದು. ಇದರಲ್ಲಿ ಒಂದು ಮಜಾ ಇದೆ. ಗಾಳಿ ತುಂಬೋ ಕೆಲಸ ಗೆಳೆಯನಿಗೆ ಬಿಡಿ, ಎಷ್ಟು ಅಂತ ಅವನು ಹೇಳಬಾರದು. ಉರುಳಿ ಬಂದ ಮೇಲೆ ವಾಚು ನೋಡುವ ಮುಂಚೆ "ಈ ಸಲ ಜೋರಾಗಿತ್ತು" ಅಥವಾ "ನಿಧಾನ" ಅಂತ ನೀವು ಹೇಳಿ. ಆಮೇಲೆ ವಾಚು ನೋಡಿ. ನಾನು ಹೆಚ್ಚು ಸಲ ತಪ್ಪಿದ್ದು ಇಲ್ಲೇ. ಗಾಳಿ ಜಾಸ್ತಿ ಇದ್ದು ಹ್ಯಾಂಡಲ್ಲು ಗಡಗಡ ಅಂದಾಗಲೆಲ್ಲ ಜೋರು ಅಂದೆ. ವಾಚು ಒಪ್ಪಲಿಲ್ಲ.

ನನಗೆ ಸಿಕ್ಕ ಸೆಕೆಂಡುಗಳನ್ನು ಇಲ್ಲಿ ಹಾಕುತ್ತಿಲ್ಲ. ಅವು ನನ್ನ ತೂಕಕ್ಕೆ, ನಾನು ದಿನಾ ಓಡಾಡೋ ತೇಪೆ ಹಾಕಿದ ಡಾಂಬರು ರಸ್ತೆಗೆ ಸೇರಿದವು. ನಿಮ್ಮೂರಲ್ಲಿ ಕಾಂಕ್ರೀಟ್ ರಸ್ತೆ ಇದ್ದರೆ ಉತ್ತರ ಬೇರೆ ಬರಬಹುದು. ಪರೀಕ್ಷೆಗೆಂದು ಊರಿನ ಅತಿ ಚೆಂದದ ರಸ್ತೆ ಹುಡುಕಿಕೊಂಡು ಹೋಗಬೇಡಿ. ದಿನಾ ತುಳಿಯೋ ರಸ್ತೆಯಲ್ಲೇ ಮಾಡಿ.

ಗೆಳೆಯನಿಗೆ ಕೊನೆಗೆ ಇಷ್ಟು ಹೇಳಿದೆ. ನಡುವಿನದನ್ನೇ ತಗೋ, ಚೌಕಟ್ಟಿನಲ್ಲಿ ಜಾಗ ಇರುವಷ್ಟು ಅಗಲದ್ದು ತಗೋ, ಗಾಳಿ ಕಲ್ಲಿನ ಹಾಗೆ ಹೊಡೀಬೇಡ. ಅವನು ಸುಮ್ಮನಿದ್ದು ಆಮೇಲೆ ಕೇಳಿದ, "ಮೊದಲೇ ಹೇಳಬಾರದಿತ್ತಾ? ಮೊನ್ನೆಯೇ 23ರದ್ದು ಜೋಡಿ ಆರ್ಡರ್ ಮಾಡಿಬಿಟ್ಟೆನಲ್ಲೋ!"

ಬರಲಿ ಬಿಡು ಅಂದೆ. ಹೋಲಿಸಿ ನೋಡೋಕೆ ಒಂದು ಹಳೆಯದು, ಒಂದು ಹೊಸದು ಬೇಕಲ್ಲ. ಬರೋ ಭಾನುವಾರ ಸೀಮೆಸುಣ್ಣ ಹಿಡಿದುಕೊಂಡು ಹೋಗುತ್ತಿದ್ದೇವೆ. ನಿಮ್ಮಲ್ಲಿ ಯಾರಾದರೂ ಸೈಕಲ್ ತುಳಿಯುವವರಿದ್ದರೆ ನೀವೂ ಮಾಡಿ ನೋಡಿ, ಏನಾಯಿತು ಅಂತ ತಿಳಿಸಿ. ವಾಚಿಲ್ಲದಿದ್ದರೂ ಪರವಾಗಿಲ್ಲ, ಡನ್‌ಲಪ್ಪನಿಗೆ ಒಂದು ಗೇಟು ಸಾಕಾಗಿತ್ತು.